ಬಚ್ಚಲೊಲೆಯ ಕರಿಯ

ಅವನ ಹೆಸರು ಕರಿಯ. ಬೆಳಗ್ಗೆ ಹೊತ್ತು ಮಾತ್ರ ಬೂದು ಬಣ್ಣ.

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ನಾಯಿಗೆ ಬೆಚ್ಚಗಿನ ಜಾಗ ಅಂದರೆ ಬಚ್ಚಲೊಲೆ. ರಾತ್ರಿ ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಗುಂಡಿ ಮಾಡಿಕೊಂಡು ಮುದುಡಿ ಮಲಗುತ್ತಿದ್ದ. ಬೆಳಗ್ಗೆ ಅಮ್ಮ ಒಣ ಸೋಗೆ ಹಿಡಿದು ಬಂದು, "ಏಳೋ ಮಾರಾಯ, ಒಲೆ ಹಚ್ಚಬೇಕು" ಅಂದರೆ ಎದ್ದು ಮೈ ಕೊಡವುತ್ತಿದ್ದ. ಅಮ್ಮನ ಸೀರೆಯೆಲ್ಲ ಬೂದಿ. ಆಮೇಲೆ ಅಪ್ಪಯ್ಯನ ಹಿಂದೆ ತೋಟಕ್ಕೆ, ಮಂಗ ಓಡಿಸಲು. ಸಂಜೆ ಬಸ್ಸಿನ ಸದ್ದು ಕೇಳಿದರೆ ಬೇಲಿಬಾಗಿಲ ದಣಪೆ ಹತ್ತಿರ ಹಾಜರು. ನಾನು ಇಳಿಯದ ದಿನ ಕತ್ತಲಾಗುವವರೆಗೂ ಅಲ್ಲೇ ಕೂತಿರುತ್ತಿದ್ದನಂತೆ.

ಭಾನುವಾರ ಅವನ ಉಣುಗು ತೆಗೆಯುವ ಕೆಲಸ ನನ್ನದು. (ರಕ್ತ ಹೀರುವ ಹುಳು; ಬಯಲುಸೀಮೆಯವರು ಉಣ್ಣೆ ಅನ್ನುತ್ತಾರೆ.) ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ ಸೀಮೆಎಣ್ಣೆ ಚಿಪ್ಪಿಗೆ ಹಾಕುತ್ತಿದ್ದೆ. ಅವನು ಕಣ್ಣು ಮುಚ್ಚಿ ತಲೆಯನ್ನು ನನ್ನ ತೊಡೆಗೆ ಒಪ್ಪಿಸಿಬಿಡುತ್ತಿದ್ದ. ಆ ಭಾರ ನನಗೆ ಎಷ್ಟು ಇಷ್ಟವಿತ್ತು!

ನಮ್ಮ ಕಡೆ ಉಣುಗು ಅಂದರೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಅದು ಕಾಡಿನ ಉಣುಗಿನದು, ಮನುಷ್ಯರಿಗೆ ಬರುವುದು. ನಾಯಿಯ ಮೈಮೇಲಿನ ಕಂದು ಉಣುಗು ನಾಯಿಗೇ ಬೇರೆ ಜ್ವರ ತರುತ್ತದೆ ಎಂದು ನಾವು ಯೋಚಿಸಿರಲೇ ಇಲ್ಲ.

ಒಂದು ದಿನ ಅವನ ಮೂಗಿನಿಂದ ರಕ್ತ ಸೋರಿತು. ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 22 ಸಾವಿರ. ನಾಯಿಗೆ ಕಡಿಮೆಯೆಂದರೂ 2 ಲಕ್ಷದ ಹತ್ತಿರ ಇರಬೇಕು. ವೈದ್ಯರು ಉಣುಗಿನ ಜ್ವರ ಎಂದು ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟು, 28 ದಿನ ಬಿಡದೆ ಹಾಕಿ ಅಂದರು. 5ನೇ ದಿನಕ್ಕೆ ಗಂಜಿ ಕುಡಿದ. 12ನೇ ದಿನ ಮಂಗ ಓಡಿಸಿದ. ಹುಷಾರಾದ ಅಲ್ವಾ ಅಂತ ನಾನು ಮಾತ್ರೆ ನಿಲ್ಲಿಸಿಬಿಟ್ಟೆ.

ಆ ರೋಗಾಣು ಹೊಟ್ಟೆಯೊಳಗಿನ ಗುಲ್ಮದಲ್ಲಿ ವರ್ಷಗಟ್ಟಲೆ ಸುಮ್ನೆ ಅಡಗಿ ಕೂರಬಲ್ಲದು ಅಂತ ಗೊತ್ತಾಗಿದ್ದು ಆಮೇಲೆ. ಎರಡು ವರ್ಷ ಕಳೆದು ಆಷಾಢದಲ್ಲಿ ಮತ್ತೆ ಬಂತು. ವಸಡು ಸುಣ್ಣದ ಹಾಗೆ ಬಿಳಚಿತ್ತು. ಈ ಸಲ ಮೂಳೆಯ ಮಜ್ಜೆಯೇ ರಕ್ತ ಮಾಡುವುದನ್ನು ಬಿಟ್ಟಿದೆ ಎಂದರು. ಹಳೆಯ ಮಾತ್ರೆಯ ವಿಷಯ ಹೇಳಿದೆ. ವೈದ್ಯರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕೊನೆಯ ರಾತ್ರಿ ಅವನಿಗೆ ಜಗಲಿಯಲ್ಲಿ ಗೋಣಿ ಹಾಸಿದ್ದೆ. ಅದು ಹೇಗೆ ನಡೆದನೋ, ಬೆಳಗ್ಗೆ ಜಗಲಿಯಲ್ಲಿರಲಿಲ್ಲ. ಅಷ್ಟರಲ್ಲಿ ಬಚ್ಚಲಿನಿಂದ ಅಮ್ಮನ ದನಿ ಕೇಳಿತು. "ಏಳೋ ಮಾರಾಯ, ಒಲೆ ಹಚ್ಚಬೇಕು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಮೆಲ್ಲಗೆ.

ತೋಟದಂಚಿನ ಹಲಸಿನ ಮರದಡಿ ಅಪ್ಪಯ್ಯ ಗುಂಡಿ ತೋಡಿದರು. ಉಪ್ಪು ಹಾಕಿ, ಹಂದಿ ಕೆದಕದಂತೆ ಮೇಲೆ ಕಲ್ಲು ಪೇರಿಸಿದೆವು. ಅವನ ಮೈಯ ಬೂದಿ ಕೊಡವಲು ಅಮ್ಮ ಬಿಡಲಿಲ್ಲ.

ಅವತ್ತು ಒಲೆ ಹಚ್ಚಲಿಲ್ಲ. ಸುರಿಯುವ ಮಳೆಯಲ್ಲಿ ಮೂರೂ ಜನ ತಣ್ಣೀರು ಮಿಂದೆವು.