ವಾರ ತಡವಾದ ಕೊಯ್ಲು

ಅಕ್ಟೋಬರ್ 20, 2024, ಭಾನುವಾರ
ಚನ್ನಗಿರಿ

ಬೆಳಿಗ್ಗೆಯಿಂದ ಮೋಡ. ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಒಣಗಿಸಲು ಬಿಸಿಲಿಲ್ಲ. ಎರಡನೇ ಕೊಯ್ಲು ವಾರದ ಹಿಂದೆಯೇ ಆಗಬೇಕಿತ್ತು. ಮಳೆ ಬಿಡಲಿ ಎಂದು ಅಪ್ಪ ಕಾದರು. ಮಳೆ ಬಿಡಲಿಲ್ಲ, ಕಾಯಿ ಬಲಿಯಿತು. ಸುಲಿದಿಟ್ಟಿದ್ದರಲ್ಲಿ ನಾಲ್ಕನ್ನು ಎತ್ತಿಕೊಂಡು ಒತ್ತಿ ನೋಡಿದೆ. ಎರಡರಲ್ಲಿ ಉಗುರು ಇಳಿಯಲೇ ಇಲ್ಲ. "ಬೆಟ್ಟೆ ಆಗಬೇಕಾದದ್ದು ಗೊರಬಲಾಯಿತು" ಎಂದು ಅಪ್ಪ ಮಧ್ಯಾಹ್ನದವರೆಗೂ ಗೊಣಗಿದರು. ಬೆಟ್ಟೆ ಎಂದರೆ ಹದವಾಗಿ ಬಲಿತ ಅಡಿಕೆಯ ಒಳ್ಳೆ ದರ್ಜೆ, ಗೊರಬಲು ಅತಿಯಾಗಿ ಬಲಿತದ್ದರ ಕಡಿಮೆ ದರ್ಜೆ.

ಜರ್ಮನಿಯಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದಾನೆ. ಅವನು ತಂದ ಬಾಟಲಿ ಅಟ್ಟದ ಮೇಲೆ ಗೋಣಿಚೀಲದ ಹಿಂದೆ ಅಡಗಿದೆ. ಅಮ್ಮನ ಲೆಕ್ಕದಲ್ಲಿ ಅದು ದ್ರಾಕ್ಷಿ ಶರಬತ್ತು. ಅಪ್ಪನ ಗೊಣಗಾಟ ಕೇಳಿ, "ದೊಡ್ಡಪ್ಪ, ತಡಮಾಡಿಯೇ ಹೆಸರು ಮಾಡಿದವರೂ ಇದ್ದಾರೆ" ಎಂದು ಶುರುಮಾಡಿದ.

ಜರ್ಮನಿಯ ರೈನ್ ನದಿಯ ದಂಡೆಯ ಯೊಹಾನಿಸ್‌ಬೆರ್ಗ್ ದ್ರಾಕ್ಷಿ ತೋಟ ಹಿಂದೆ ಫುಲ್ಡಾದ ಮಠದ ಒಡೆತನದಲ್ಲಿತ್ತು. ಮಠಾಧಿಪತಿಯ ಅಪ್ಪಣೆ ಬರದೆ ಒಂದು ಗೊಂಚಲನ್ನೂ ಕೀಳುವಂತಿರಲಿಲ್ಲ. 1775ರಲ್ಲಿ ಅಪ್ಪಣೆ ತರಬೇಕಾದ ಸವಾರ ತಡವಾಗಿ ಬಂದನಂತೆ. ಅಷ್ಟರಲ್ಲಿ ಹಣ್ಣಿಗೆ ಬೂಷ್ಟು ಹಿಡಿದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಹಿಂಡಿದರು, ವೈನ್ ಅದ್ಭುತವಾಗಿತ್ತು. ಆ ಬೂಷ್ಟು ಸಿಪ್ಪೆಯಲ್ಲಿ ಸೂಕ್ಷ್ಮ ರಂಧ್ರಗಳನ್ನು ಮಾಡುತ್ತದೆ. ನೀರು ಆರಿಹೋಗಿ ಸಿಹಿ, ಹುಳಿ ಎರಡೂ ಗಟ್ಟಿಯಾಗುತ್ತವೆ. ಅಂಗಳದಲ್ಲಿ ಸವಾರನ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ನಮ್ಮ ತೋಟದ ಕೊಳೆರೋಗಕ್ಕೆ ಇಂಥ ಮರ್ಯಾದೆ ಯಾವ ಜನ್ಮದಲ್ಲಿ?

ಆದರೆ ಎಲ್ಲ ತಡವೂ ಫಲಿಸುವುದಿಲ್ಲ. ದ್ರಾಕ್ಷಿ ಬಾಳೆಯಂತಲ್ಲ, ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಬೇಗ ಕಿತ್ತರೆ ಬರೀ ಹುಳಿ. ಬಿಸಿಲಿನಲ್ಲಿ ಬಿಟ್ಟರೆ ಸಕ್ಕರೆ ಏರುತ್ತದೆ, ಹುಳಿ ಕರಗುತ್ತದೆ. ಕೆಂಪು ವೈನ್ ಆದರೆ ಸಿಪ್ಪೆಯ ಒಗರನ್ನು ಆತುಕೊಂಡು ನಿಂತೀತು. ಬಿಳಿ ವೈನಿಗೆ ಹುಳಿಯೇ ಬೆನ್ನೆಲುಬು. 2003ರಲ್ಲಿ ಯೂರೋಪು ಬಿಸಿಲಿಗೆ ಬೆಂದಾಗ ಫ್ರಾನ್ಸಿನ ಬರ್ಗಂಡಿಯಲ್ಲಿ ಆಗಸ್ಟ್‌ನಲ್ಲೇ ಕೊಯ್ಲಿಗೆ ಇಳಿದಿದ್ದರು. ಆ ವರ್ಷದ ಬಿಸಿಲು ಮಳೆಯೇ ರುಚಿ ತೀರ್ಮಾನಿಸುವುದರಿಂದ ಬಾಟಲಿಯ ಮೇಲಿನ ಇಸವಿ ತುಂಬಿಸಿದ ವರ್ಷವಲ್ಲ, ಕೊಯ್ದ ವರ್ಷ ಎಂಬುದು ನನಗೆ ಇವತ್ತೇ ಗೊತ್ತಾದದ್ದು.

ಫ್ರಾನ್ಸಿನದೇ ಬೋರ್ಡೊ ಸೀಮೆಯ ಸೋಟರ್ನ್‌ನಲ್ಲಿರುವ ಶಾಟೋ ಡಿಕೆಮ್ ತೋಟದವರು ಬೂಷ್ಟು ಹದವಾಗಿ ಹಿಡಿದ ಹಣ್ಣನ್ನಷ್ಟೇ ಆರಿಸುತ್ತ ಒಂದೇ ಬಳ್ಳಿಗೆ ಹಲವು ಸಲ ಬರುತ್ತಾರಂತೆ. ಇದನ್ನು ಕೇಳಿ ಅಪ್ಪ ಕಿವಿ ನಿಮಿರಿಸಿದರು. ನಾವೂ ಒಂದೇ ಮರಕ್ಕೆ ಮೂರು ನಾಲ್ಕು ಸಲ ದೋಟಿ ಹಾಕುವವರಲ್ಲವೇ. 2012ರಲ್ಲಿ ಹಣ್ಣು ಮನಸ್ಸಿಗೆ ಬರಲಿಲ್ಲವೆಂದು ಡಿಕೆಮ್‌ನವರು ತಮ್ಮ ಹೆಸರಿನಲ್ಲಿ ಒಂದು ಬಾಟಲಿಯನ್ನೂ ಹೊರಬಿಡಲಿಲ್ಲ. "ಸಾಲ ಇಲ್ಲದವರು" ಎಂದರು ಅಪ್ಪ.

ಸಂಜೆ ಅಮ್ಮ ಗುಡಿಗೆ ಹೋದಾಗ ಬಾಟಲಿ ಕೆಳಗಿಳಿಯಿತು. 2021ರ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ವೈನ್, ಮೇಲೆ 'ತಡದ ಕೊಯ್ಲು' ಎಂಬರ್ಥದ ಜರ್ಮನ್ ಪದ. ಅದು ತಂಪು ವರ್ಷವಂತೆ. ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಕುಡಿದೆ. ಮೊದಲು ಜೇನು, ನುಂಗುವಷ್ಟರಲ್ಲಿ ನೆಲ್ಲಿಕಾಯಿ ಕಚ್ಚಿದಂತೆ ದವಡೆ ಜುಮ್ಮೆಂದಿತು. ಆ ಹುಳಿ ಇಲ್ಲದಿದ್ದರೆ ಬರೀ ಬೆಲ್ಲದ ನೀರು.

ಅಪ್ಪ ಮುಟ್ಟಲಿಲ್ಲ. ಹನಿ ಶುರುವಾಯಿತೆಂದು ಅಡಿಕೆಯ ಮೇಲೆ ಟಾರ್ಪಾಲು ಎಳೆಯುತ್ತ ಒಂದೇ ಪ್ರಶ್ನೆ ಕೇಳಿದರು: "ಆ ಸವಾರನ ಸಂಬಳ ಹಿಡಿದರೋ ಇಲ್ಲವೋ?"