ಗೂಳೂರನ್ನು ಗೂಳೂರೆಂದೇ ಗುರುತಿಸೋಣ

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ನಕ್ಷೆ. ಖಾತೆ ತೆರೆದವರು ಯಾರು ಬೇಕಾದರೂ ಅದನ್ನು ತಿದ್ದಬಹುದು. ತುಮಕೂರಿನ ಸುತ್ತಲ ಹಳ್ಳಿಗಳನ್ನು ಅದರಲ್ಲಿ ಗುರುತಿಸುತ್ತಾ ಬಂದಿರುವ ನನಗೆ ಒಂದು ಬಗೆಯ ತಿದ್ದುಪಡಿ ಮತ್ತೆ ಮತ್ತೆ ಎದುರಾಗುತ್ತದೆ. ಮಹಾನಗರ ಪಾಲಿಕೆಯ ಎಲ್ಲೆಯಾಚೆ ಇರುವ ಊರಿನ ಅಂಗಡಿ, ಶಾಲೆ, ಮನೆಗಳ ವಿಳಾಸದಲ್ಲಿ ನಗರದ ಹೆಸರಿಗಾಗಿ ಇರುವ ಜಾಗಕ್ಕೆ ‘ತುಮಕೂರು’ ಎಂದು ತುಂಬಿ, ಗ್ರಾಮವೆಂದು ಗುರುತಾಗಿದ್ದ ಊರಿನ ಚುಕ್ಕಿಯನ್ನು ನಗರದ ಬಡಾವಣೆಯೆಂದು ಬದಲಿಸುತ್ತಾರೆ. ಇದರಲ್ಲಿ ದುರುದ್ದೇಶವಿಲ್ಲ, ನಕ್ಷೆ ಸುಲಭವಾಗಲಿ ಎಂಬ ಆಶಯವೇ ಇರುತ್ತದೆ. ಆದರೂ ಇದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಪ್ರಶ್ನೆ ಹೆಚ್ಚು ಚರ್ಚೆಯಾಗಿರುವುದು ಅಮೆರಿಕದಲ್ಲಿ. ಅಲ್ಲಿ ಯಾವ ನಗರಾಡಳಿತಕ್ಕೂ ಸೇರದೆ ನೇರವಾಗಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಆಡಳಿತದಲ್ಲಿರುವ ಪ್ರದೇಶಗಳು ಬಹಳ. ಲಾಸ್ ವೇಗಸ್ ಎಂದೊಡನೆ ಜನರಿಗೆ ನೆನಪಾಗುವ ದೊಡ್ಡ ಹೋಟೆಲುಗಳ ಬೀದಿಯ ಬಹುಪಾಲು ಲಾಸ್ ವೇಗಸ್ ನಗರದೊಳಗೆ ಇಲ್ಲವೇ ಇಲ್ಲ; ಪ್ಯಾರಡೈಸ್ ಎಂಬ, ನಗರಾಡಳಿತವಿಲ್ಲದ ಪ್ರದೇಶದಲ್ಲಿದೆ. ಅಂಚೆ ವಿಳಾಸ ಮಾತ್ರ ಲಾಸ್ ವೇಗಸ್ ಎಂದೇ ಇದೆ. ಅಂಚೆಯವರ ಊರು, ಆಡಳಿತದ ಊರು, ಜನರ ಬಾಯಲ್ಲಿರುವ ಊರು ಈ ಮೂರೂ ಒಂದೇ ಆಗಿರಬೇಕಿಲ್ಲ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತಿದೆ.

ನಮ್ಮಲ್ಲಿ ಅಂಥ ಪ್ರದೇಶಗಳು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಪಾಲಿಕೆಯ ಎಲ್ಲೆ ಮುಗಿದೊಡನೆ ಗ್ರಾಮ ಪಂಚಾಯಿತಿಯ ಎಲ್ಲೆ ಆರಂಭವಾಗುತ್ತದೆ. ಚುನಾಯಿತ ಸದಸ್ಯರು, ಪಿಡಿಒ, ಕಂದಾಯದ ರಸೀದಿ ಎಲ್ಲವೂ ಅಲ್ಲಿವೆ. ಹಾಗಾಗಿ ನಗರದ ಹೊರಗಿನ ಜಾಗವನ್ನು ಹೆಸರಿಲ್ಲದ ಬಯಲೆಂದು ಭಾವಿಸಿ ನಗರದ ಹೆಸರನ್ನು ಹೊದಿಸಲು ಅಮೆರಿಕದಲ್ಲಿ ಇರುವಷ್ಟು ನೆಪವೂ ನಮಗಿಲ್ಲ. ಕುಣಿಗಲ್ ರಸ್ತೆಯ ಗೂಳೂರನ್ನೇ ನೋಡಿ. ಅದು ಹೋಬಳಿ ಕೇಂದ್ರ. ಅಲ್ಲಿನ ಮಹಾಗಣಪತಿಯಿಂದಾಗಿ ದೂರದ ಊರುಗಳವರಿಗೂ ಪರಿಚಿತ. ನಮ್ಮ ಹಳ್ಳಿಗಳ ಮದುವೆಯ ಕರೆಯೋಲೆಯಲ್ಲಿ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ವಿಳಾಸ ಅಚ್ಚಾಗಿರುತ್ತದಲ್ಲ, ಅದಕ್ಕಿಂತ ನಿಖರವಾದ ವಿಳಾಸಕ್ರಮ ಇನ್ನೊಂದಿಲ್ಲ. ಆ ಕ್ರಮದಲ್ಲಿ ‘ತುಮಕೂರು’ ಎಂಬ ಹೆಸರು ತಾಲ್ಲೂಕಾಗಿಯೂ ಜಿಲ್ಲೆಯಾಗಿಯೂ ಎರಡು ಸಲ ಬಂದರೂ ನಗರವಾಗಿ ಒಮ್ಮೆಯೂ ಬರುವುದಿಲ್ಲ. ನಕ್ಷೆಯಲ್ಲಿ ಆಗುತ್ತಿರುವ ಎಡವಟ್ಟು ಇಷ್ಟೇ: ತಾಲ್ಲೂಕಿನ ತುಮಕೂರನ್ನು ನಗರದ ತುಮಕೂರೆಂದು ಓದಿಕೊಳ್ಳುವುದು.

ಹೆಸರಿನಲ್ಲೇನಿದೆ ಎನ್ನುವವರು ಹೊರವಲಯದ ಹೊಸ ಲೇಔಟ್‌ಗಳನ್ನೊಮ್ಮೆ ನೋಡಬೇಕು. ಕಮಾನಿನ ಪಕ್ಕದ ಫಲಕದಲ್ಲಿ ‘ಟೂಡಾ ಅನುಮೋದಿತ’ ಎಂದು ದೊಡ್ಡ ಅಕ್ಷರಗಳಲ್ಲಿಯೂ, ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಕೆಳಗೆ ಸಣ್ಣ ಅಕ್ಷರಗಳಲ್ಲಿಯೂ ಇರುತ್ತವೆ. ಟೂಡಾ ಎಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ. ಅದರ ಯೋಜನಾ ಪ್ರದೇಶ ಪಾಲಿಕೆಯ ಎಲ್ಲೆಯನ್ನು ದಾಟಿ ಹಳ್ಳಿಗಳಿಗೂ ಚಾಚಿರುವುದರಿಂದ, ಪ್ರಾಧಿಕಾರದ ಅನುಮೋದನೆ ಸಿಕ್ಕ ಮಾತ್ರಕ್ಕೆ ನಿವೇಶನ ನಗರದೊಳಗೆ ಬಂದಂತಾಗುವುದಿಲ್ಲ. ಅದು ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿ ಆಸ್ತಿಗಳ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು, ಕಂದಾಯ ಕಟ್ಟುವುದೂ ಪಂಚಾಯಿತಿಗೇ. ಪಾಲಿಕೆಯೊಳಗಿದ್ದರೆ ಖಾತೆಯೂ ಬೇರೆ, ಕಚೇರಿಯೂ ಬೇರೆ. ನಿವೇಶನ ಕೊಳ್ಳಲು ಹೊರಟ ಕುಟುಂಬವೊಂದು ಮೊಬೈಲಿನಲ್ಲಿ ನಕ್ಷೆ ತೆರೆದಾಗ ಅಲ್ಲಿಯೂ ತುಮಕೂರು ನಗರವೆಂದೇ ಕಂಡರೆ, ಮಾರುವವರ ಮಾತಿಗೆ ನಮ್ಮ ನಕ್ಷೆ ಸಾಕ್ಷಿ ನುಡಿದಂತಾಗುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ.

ನಗರದ ಹೆಸರಿಲ್ಲದಿದ್ದರೆ ಹೊರಗಿನಿಂದ ಬರುವವರಿಗೆ ಜಾಗ ಸಿಗುವುದು ಹೇಗೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಸರಕು ತರುವ ಹೊರರಾಜ್ಯದ ಲಾರಿ ಚಾಲಕರು ಕೇಳಿರುವುದು ತುಮಕೂರಿನ ಹೆಸರನ್ನು ಮಾತ್ರ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನೂ ಎಲ್ಲರೂ ತುಮಕೂರಿನದೆಂದೇ ಕರೆಯುತ್ತಾರೆ. ಅದು ಇರುವುದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ. ಆದರೆ ಇದಕ್ಕೆ ಪರಿಹಾರ ನಕ್ಷೆಯ ರಚನೆಯಲ್ಲೇ ಇದೆ. ಭಾರತದ ಮಟ್ಟಿಗೆ ಅದರಲ್ಲಿ ಆಡಳಿತದ ಎಲ್ಲೆಗಳಿಗೆ ಹಂತಗಳಿವೆ: ರಾಜ್ಯಕ್ಕೆ 4, ಜಿಲ್ಲೆಗೆ 5, ತಾಲ್ಲೂಕಿಗೆ 6. ನೊಮಿನಾಟಿಮ್ ಎಂಬ ಹುಡುಕುವ ತಂತ್ರಾಂಶವು ಒಂದು ಜಾಗ ಯಾವ ಯಾವ ಎಲ್ಲೆಗಳೊಳಗೆ ಬರುತ್ತದೆ ಎಂಬುದನ್ನು ನೋಡಿ ವಿಳಾಸವನ್ನು ತಾನೇ ಜೋಡಿಸಿಕೊಳ್ಳುತ್ತದೆ. ಜಿಲ್ಲೆಯ ಎಲ್ಲೆ ಸರಿಯಾಗಿದ್ದರೆ ಬಿದರೆಹಳ್ಳ ಕಾವಲಿನ ಜೊತೆ ತುಮಕೂರೆಂದು ಬರೆದು ಹುಡುಕಿದರೂ ಕಾರ್ಖಾನೆ ಸಿಗುತ್ತದೆ. ಊರಿನ ಎಲ್ಲೆಯನ್ನೇ ಯಾರೂ ಗುರುತಿಸಿಲ್ಲದಿದ್ದಾಗ ಮಾತ್ರ ಆ ತಂತ್ರಾಂಶ ಆಸುಪಾಸಿನ ಊರುಗಳ ಚುಕ್ಕಿಗಳನ್ನು ನೋಡಿ ಅಂದಾಜು ಮಾಡುತ್ತದೆ, ಆಗ ನಗರದ ದೊಡ್ಡ ಚುಕ್ಕಿ ಹಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುವುದುಂಟು. ಹಾಗೆಂದು ಪ್ರತಿ ಅಂಗಡಿಯ ವಿಳಾಸದಲ್ಲೂ ನಗರದ ಹೆಸರನ್ನು ತುಂಬುತ್ತಾ ಹೋಗುವ ಬದಲು ಪಂಚಾಯಿತಿಯ ಎಲ್ಲೆಯನ್ನು ಒಮ್ಮೆ ಸರಿಯಾಗಿ ಗುರುತಿಸುವುದೇ ಮೇಲು. ಕೆಲಸ ಹೆಚ್ಚು, ನಿಜ.

ಅಂಚೆಯ ವಿಳಾಸವನ್ನೂ ದಾಖಲಿಸಬಹುದು, ಅದಕ್ಕೆ ನನ್ನ ವಿರೋಧವಿಲ್ಲ. 1972ರಲ್ಲಿ ಬಂದ ಪಿನ್ ಕೋಡ್ ಕಾಗದಗಳನ್ನು ವಿಂಗಡಿಸುವ ಅನುಕೂಲಕ್ಕಾಗಿ ರೂಪಿಸಿದ್ದೇ ಹೊರತು ಊರಿನ ಎಲ್ಲೆ ತೋರಿಸಲು ಅಲ್ಲ ಎಂಬುದಷ್ಟು ನೆನಪಿದ್ದರೆ ಸಾಕು.

ಬೇರೆ ಜಿಲ್ಲೆಗಳಲ್ಲೂ ಇದೇ ಕಥೆ. ನಂದಿಬೆಟ್ಟ ಬೆಂಗಳೂರಿನದಾಗಿಬಿಡುತ್ತದೆ. ಕೆಜಿಎಫ್‌ನ ಪೂರ್ಣ ಹೆಸರಿನಲ್ಲಿ ಕೋಲಾರ ಇದ್ದ ಮಾತ್ರಕ್ಕೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನ ಕಾಲೊನಿಗಳಿಗೆ ಸುಮಾರು 30 ಕಿಲೋಮೀಟರ್ ದೂರದ ಕೋಲಾರ ನಗರದ ಹೆಸರು ಅಂಟುತ್ತದೆ.

ಊರು ನಗರಕ್ಕೆ ನಿಜವಾಗಿಯೂ ಸೇರಿದಾಗ ಏನು ಮಾಡಬೇಕೆಂಬುದಕ್ಕೆ ಕ್ಯಾತ್ಸಂದ್ರವೇ ಮಾದರಿ. ಅದು ಇಂದು ಪಾಲಿಕೆಯ ವಾರ್ಡುಗಳಲ್ಲಿ ಹಂಚಿಹೋಗಿದೆ. ರೈಲು ನಿಲ್ದಾಣ ಮಾತ್ರ ತನ್ನದೇ ಹೆಸರಿನಲ್ಲಿ ಉಳಿದಿದೆ, ಸಿದ್ಧಗಂಗೆಗೆ ಹೋಗುವವರು ಇಳಿಯುವುದೂ ಆ ಹೆಸರು ಹೇಳಿಯೇ. ಅಂಥಲ್ಲಿ ಚುಕ್ಕಿಯ ದರ್ಜೆಯನ್ನು ಬಡಾವಣೆಯೆಂದು ಬದಲಿಸುವುದು ಸರಿ, ಹೆಸರನ್ನು ಅಳಿಸುವುದು ಸಲ್ಲದು. ಗೂಳೂರಿನಂಥ ಊರುಗಳ ವಿಷಯದಲ್ಲಿ, ಅವನ್ನು ಪಾಲಿಕೆಗೆ ಸೇರಿಸುವ ಸರ್ಕಾರದ ಅಂತಿಮ ಅಧಿಸೂಚನೆ ಹೊರಬೀಳುವವರೆಗೆ ಗೆರೆಯನ್ನು ಮುಟ್ಟಬಾರದು. ಹೊರಬಿದ್ದ ಮೇಲೆ ಅದರ ದಿನಾಂಕವನ್ನು ತಿದ್ದುಪಡಿಯ ಟಿಪ್ಪಣಿಯಲ್ಲಿ ನಮೂದಿಸಿ ಪಾಲಿಕೆಯ ಎಲ್ಲೆಯೊಂದನ್ನು ಸರಿಸಿದರೆ, ಅದರೊಳಗೆ ಬಂದ ಪ್ರತಿ ಮನೆಯ ವಿಳಾಸವೂ ತಾನಾಗಿಯೇ ಬದಲಾಗುತ್ತದೆ.