ಶುಗರ್ ಇದೆ, ಒಣಗುತ್ತಿದೆ, ನೋಯುತ್ತಿದೆ: ಇದನ್ನೂ ಡಾಕ್ಟರ್‌ಗೆ ಹೇಳಿ

ಶುಗರ್ ಚೆಕಪ್‌ಗೆ ಹೋದರೆ ಕಣ್ಣು ತೋರಿಸಿದಿರಾ ಅಂತ ಕೇಳುತ್ತಾರೆ. ಪಾದ ಜುಮ್ಮೆನ್ನುತ್ತದಾ ಅಂತ ಕೇಳುತ್ತಾರೆ. ಕಿಡ್ನಿಗೆ ಟೆಸ್ಟ್ ಬರೆಯುತ್ತಾರೆ. ಗಂಡಸರಾದರೆ ಎಷ್ಟೋ ಸಲ ಇನ್ನೊಂದು ಪ್ರಶ್ನೆಯೂ ಬರುತ್ತದೆ, ನಿಮಿರುವುದರಲ್ಲಿ ತೊಂದರೆ ಇದೆಯಾ ಅಂತ. ನನಗೆ ಟೈಪ್ 2 ಡಯಾಬಿಟಿಸ್ ಬಂದು ವರ್ಷಗಳೇ ಆದವು, ಗಂಡನ ಜೊತೆ ಸೇರುವಾಗ ನೋವಾಗುತ್ತದಾ, ಆಸೆ ಕಡಿಮೆಯಾಗಿದೆಯಾ ಅಂತ ಒಬ್ಬ ಡಾಕ್ಟರೂ ತಾವಾಗಿ ಕೇಳಿಲ್ಲ. ಅವರು ಕೇಳಲಿ ಅಂತ ಕಾಯುತ್ತಾ ಕೂತರೆ ನಮ್ಮ ವಯಸ್ಸೇ ಕಳೆದುಹೋಗುತ್ತದೆ. ನಾವೇ ಹೇಳಬೇಕು.

ಇದೇನು ಈಗ ಗೊತ್ತಾದ ವಿಷಯ ಅಲ್ಲ. 1971ರಲ್ಲೇ ರಾಬರ್ಟ್ ಕೊಲೊಡ್ನಿ ಅನ್ನುವ ಅಮೆರಿಕದ ವೈದ್ಯರು ಡಯಾಬಿಟಿಸ್ ಇರುವ 125 ಹೆಂಗಸರನ್ನು ಮಾತಾಡಿಸಿ ಒಂದು ಲೇಖನ ಪ್ರಕಟಿಸಿದ್ದರು. ಅವರಲ್ಲಿ ಸುಮಾರು ಶೇ. 35 ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಲೈಂಗಿಕ ಸುಖದ ತುದಿ ಮುಟ್ಟಿದ್ದೇ ಇಲ್ಲ. ಡಯಾಬಿಟಿಸ್ ಇಲ್ಲದವರಲ್ಲಿ ಅದು ಶೇ. 6 ಮಾತ್ರ. ಗಂಡಸರ ನಿಮಿರುವ ತೊಂದರೆಗೆ 1998ರಲ್ಲಿ ವಯಾಗ್ರಾ ಮಾತ್ರೆ ಬಂತು, ಅದರ ಬಗ್ಗೆ ಜಗತ್ತೆಲ್ಲ ಮಾತಾಡಿತು. ನಮ್ಮ ಪಾಲಿಗೆ ಬಂದ ಉತ್ತರ ಮಾತ್ರ ಈಗಲೂ 'ವಯಸ್ಸಾಯ್ತಲ್ಲಮ್ಮ' ಅನ್ನೋದೇ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಒಳಗೆ ಆಗುವುದೇನು ಅಂದರೆ, ಮನಸ್ಸು ಬಯಸಿದಾಗ ಯೋನಿಯ ಗೋಡೆಗೆ ರಕ್ತ ಜಾಸ್ತಿ ಹರಿಯುತ್ತದೆ, ಆ ರಕ್ತದಿಂದಲೇ ತೇವ ಒಸರುತ್ತದೆ. ಶುಗರ್ ವರ್ಷಗಟ್ಟಲೆ ಮೇಲೇ ಇದ್ದರೆ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ನರಗಳೂ ಸೊರಗುತ್ತವೆ. ಪಾದದ ನರಕ್ಕೆ ಆಗುವುದೇ ಇಲ್ಲಿನ ನರಕ್ಕೂ ಆಗಬಹುದು. ಆಗ ಮುಟ್ಟಿದ್ದು ಮೊದಲಿನ ಹಾಗೆ ಗೊತ್ತಾಗುವುದಿಲ್ಲ, ತೇವ ಬರುವುದು ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇದರ ಜೊತೆಗೆ ಮುಟ್ಟು ನಿಲ್ಲುವ ವಯಸ್ಸೂ ಬಂದರೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಕಡಿಮೆಯಾಗಿ ಒಣಗುವುದು ಇನ್ನೂ ಹೆಚ್ಚುತ್ತದೆ.

ಆಮೇಲೆ ಒಂದರ ಹಿಂದೆ ಒಂದು. ಒಣಗಿದ ಕಡೆ ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ, ಮೂತ್ರಕ್ಕೆ ಹೋದರೆ ಚುರುಚುರು ಅನ್ನುತ್ತದೆ, ಮುಂದಿನ ಸಲ ಗಂಡ ಹತ್ತಿರ ಬಂದ ತಕ್ಷಣವೇ ತೊಡೆ, ಕಿಬ್ಬೊಟ್ಟೆ ಎಲ್ಲ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ನೋವು ಜಾಸ್ತಿ, ನೋವು ಜಾಸ್ತಿಯಾದಷ್ಟೂ ಆಸೆ ಕಡಿಮೆ. ಹೊರಗಿನಿಂದ ನೋಡುವವರಿಗೆ 'ಇವಳಿಗೆ ಮನಸ್ಸಿಲ್ಲ' ಅಂತ ಕಾಣುತ್ತದೆ. ಮನಸ್ಸಿಲ್ಲ ಅಂತಲ್ಲ, ಭಯ. ಇದನ್ನು ಗಂಡನಿಗೆ ಬಿಡಿಸಿ ಹೇಳದಿದ್ದರೆ ಅವರು 'ನಾನೇ ಬೇಡವಾಗಿದ್ದೀನಿ' ಅಂದುಕೊಂಡು ಆ ಕಡೆ ತಿರುಗಿ ಮಲಗುತ್ತಾರೆ. ಎಷ್ಟು ಮನೆಗಳಲ್ಲಿ ಹೀಗಾಗುತ್ತಿದೆಯೋ.

ತುರಿಕೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದನ್ನು ಅನುಭವಿಸಿದವರಿಗೇ ಗೊತ್ತು, ನಾಲ್ಕು ಜನರ ಮಧ್ಯೆ ಕೂತಿರುವಾಗ ಕೆರೆಯುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಶುಗರ್ ಏರಿದಾಗ ಕ್ಯಾಂಡಿಡಾ ಅನ್ನುವ ಫಂಗಸ್ ಚೆನ್ನಾಗಿ ಬೆಳೆಯುತ್ತದೆ. ಒಡೆದ ಹಾಲಿನ ಥರ ಬಿಳಿ ಹೋಗುತ್ತದೆ, ಹೊರಭಾಗವೆಲ್ಲ ಕೆಂಪಾಗಿ ಉರಿಯುತ್ತದೆ. ಎಷ್ಟೋ ಜನರಿಗೆ ಡಯಾಬಿಟಿಸ್ ಇರುವುದು ಮೊದಲು ಗೊತ್ತಾಗುವುದೇ ಈ ಪದೇಪದೇ ಬರುವ ತುರಿಕೆಯಿಂದ.

ಇಲ್ಲಿ ಮಾತ್ರೆಯ ಹೆಸರನ್ನೂ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್, ಹೀಗೆ 'ಫ್ಲೋಜಿನ್' ಅಂತ ಮುಗಿಯುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಆ ಸಕ್ಕರೆಯೇ ಫಂಗಸ್‌ಗೆ ಊಟ. ಮಾತ್ರೆ ಶುರುವಾದ ಮೇಲೆ ತುರಿಕೆ ಶುರುವಾದರೆ ಎರಡಕ್ಕೂ ಸಂಬಂಧ ಇರಬಹುದು. ಹಾಗಂತ ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ, ಹೃದಯಕ್ಕೂ ಕಿಡ್ನಿಗೂ ಅವು ತುಂಬಾ ಒಳ್ಳೆಯದು ಮಾಡುತ್ತವೆ. ಡಾಕ್ಟರ್‌ಗೆ ಹೇಳಿ, ಸೋಂಕಿಗೆ ಔಷಧಿ ಕೊಟ್ಟು ಮಾತ್ರೆ ಮುಂದುವರಿಸುವುದೂ ಉಂಟು, ಬದಲಿಸುವುದೂ ಉಂಟು. ಒಳಗೆ ಸೋಪು ಹಾಕಿ ತೊಳೆಯಬೇಡಿ, ಹೊರಗೆ ಬರೀ ನೀರು ಸಾಕು, ತೊಳೆದ ಮೇಲೆ ಒರೆಸಿಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಅದೇ ಕ್ರೀಮನ್ನು ಮತ್ತೆ ಮತ್ತೆ ಹಚ್ಚುತ್ತಾ ಹೋಗಬೇಡಿ. ಡಯಾಬಿಟಿಸ್ ಇರುವವರಲ್ಲಿ ಸಾಮಾನ್ಯ ಔಷಧಿಗೆ ಬಗ್ಗದ ಫಂಗಸ್ ಜಾತಿಗಳೂ ಇರುತ್ತವೆ, ಸ್ವ್ಯಾಬ್, ಅಂದರೆ ಹತ್ತಿ ಕಡ್ಡಿಯಲ್ಲಿ ಅಲ್ಲಿನ ಸ್ರಾವ, ತೆಗೆದು ಟೆಸ್ಟ್ ಮಾಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಗಂಡನಿಗೂ ಕೆಂಪಾಗಿ ತುರಿಸುತ್ತಿದ್ದರೆ ಅವರೂ ತೋರಿಸಿಕೊಳ್ಳಲಿ.

ಇನ್ನು ಮನಸ್ಸು. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಡಯಾಬಿಟಿಸ್, ಇರುವ ಹೆಂಗಸರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ಬಹಳ ವರ್ಷ ನಡೆದ ಒಂದು ದೊಡ್ಡ ಅಧ್ಯಯನದ ಭಾಗವಾಗಿ 2009ರಲ್ಲಿ ಬಂದ ವರದಿಯಲ್ಲಿ, ಲೈಂಗಿಕ ತೊಂದರೆಯ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದು ಖಿನ್ನತೆ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ದಿನಾ ಬೆರಳು ಚುಚ್ಚಿಕೊಂಡು, ತಿಂದದ್ದಕ್ಕೆಲ್ಲ ಲೆಕ್ಕ ಇಟ್ಟು, ಹೊಟ್ಟೆ ಮೇಲೆ ಇಂಜೆಕ್ಷನ್ ಗುರುತು ನೋಡಿಕೊಂಡು ಇರುವವಳಿಗೆ ತನ್ನ ಮೈ ಮೇಲೆ ಪ್ರೀತಿ ಉಳಿಯುವುದು ಸುಲಭ ಅಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಆಸೆಯನ್ನು ತಗ್ಗಿಸುತ್ತವೆ. ಅದನ್ನೂ ಕೇಳಿದರೆ ಬೇರೆ ಮಾತ್ರೆ ನೋಡುತ್ತಾರೆ.

ನಾನು ಮಾಡಿದ್ದು ಇಷ್ಟೇ. ಬಾಯಲ್ಲಿ ಹೇಳಲು ನಾಲಿಗೆ ಏಳುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ: 'ಸೇರುವಾಗ ಒಣಗಿ ನೋಯುತ್ತದೆ. ಆಮೇಲೆ ಎರಡು ದಿನ ಉರಿ. ತೆಗೆದುಕೊಳ್ಳುವ ಮಾತ್ರೆಗಳು ಇವು.' ಶುಗರ್ ರಿಪೋರ್ಟಿನ ಮೇಲೆ ಚೀಟಿ ಇಟ್ಟು ಡಾಕ್ಟರ ಕಡೆ ತಳ್ಳಿದೆ. ಮೊದಲು ತೋರಿಸಿದವರು ಓದಿ, ಮಡಚಿ, ವಾಪಸ್ ಕೊಟ್ಟು ಬಿಪಿ ನೋಡಲು ಶುರು ಮಾಡಿದರು. ಆಮೇಲೆ ಹೋದ ಸ್ತ್ರೀರೋಗ ತಜ್ಞೆ ಕುರ್ಚಿ ಹತ್ತಿರ ಎಳೆದುಕೊಂಡು, "ಇದನ್ನು ಬರೆದು ತಂದಿದ್ದು ಒಳ್ಳೇದಾಯ್ತಮ್ಮ, ನೋವು ಬಾಗಿಲಲ್ಲೇ ಆಗುತ್ತದಾ, ಒಳಗಾ?" ಅಂತ ಕೇಳಿದರು. ಆ ಒಂದು ಪ್ರಶ್ನೆಗೆ ನನಗೆ ಅಳು ಬಂತು.

ಪರಿಹಾರಗಳು ಇವೆ, ದೊಡ್ಡ ಖರ್ಚಿನವೇ ಆಗಬೇಕಿಲ್ಲ. ಸೇರುವ ಹೊತ್ತಿಗೆ ನೀರು ಆಧಾರಿತ ಲೂಬ್ರಿಕೆಂಟ್ (ಜಾರುವಂತೆ ಮಾಡುವ ಜೆಲ್), ಉಳಿದ ದಿನಗಳಿಗೆ ವಾರಕ್ಕೆ ಎರಡು ಮೂರು ಸಲ ಯೋನಿಗೆ ಅಂತಲೇ ಇರುವ ಮಾಯಿಶ್ಚರೈಸರ್. ಕಾಂಡೋಮ್ ಬಳಸುವವರು ಎಣ್ಣೆ ಹಚ್ಚಬೇಡಿ, ಲೇಟೆಕ್ಸ್ ಹರಿಯುತ್ತದೆ. ಮುಟ್ಟು ನಿಂತವರಿಗೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ತುಂಬಾ ಜನಕ್ಕೆ ಕೆಲಸ ಮಾಡುತ್ತದೆ, ಆದರೆ ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ. ಬಿಗಿತಕ್ಕೆ ಕಿಬ್ಬೊಟ್ಟೆ ಕೆಳಗಿನ ಸ್ನಾಯುಗಳನ್ನು ಸಡಿಲ ಬಿಡಲು ಕಲಿಸುವ ಫಿಸಿಯೋಥೆರಪಿ ಇದೆ. ಇದೆಲ್ಲದರ ಜೊತೆಗೆ 'ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು ರೀ' ಅಂತ ಗಂಡನಿಗೆ ಹೇಳುವುದು. ನಮ್ಮ ಮನೆಯಲ್ಲಿ ಅರ್ಧ ಕಷ್ಟ ಅಷ್ಟರಲ್ಲೇ ಕಳೆಯಿತು.

ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಸೇರುವುದೂ ಮೈಗೆ ಶ್ರಮವೇ, ಶುಗರ್ ಇಳಿಯಬಹುದು. ಬೆವರು, ಎದೆ ಹೊಡೆದುಕೊಳ್ಳುವುದು, ಮೈ ನಡುಗುವುದು, ಇವೆಲ್ಲ ಆ ಹೊತ್ತಿನಲ್ಲಿ ಸಹಜ ಅಂತಲೇ ಅನ್ನಿಸುತ್ತದೆ, ಅದಕ್ಕೇ ಲೋ ಶುಗರ್ ಅಂತ ಹೊಳೆಯುವುದಿಲ್ಲ. ಮೊದಲೇ ಒಮ್ಮೆ ಚೆಕ್ ಮಾಡಿ. 70 mg/dLಗಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಗ್ಲೂಕೋಸ್ ಕೈಗೆಟುಕುವ ಹಾಗೆ ದಿಂಬಿನ ಪಕ್ಕ ಇಟ್ಟುಕೊಳ್ಳಿ, ಗಂಡನಿಗೂ ತಿಳಿಸಿಡಿ.

ಮಗು ಬೇಕು ಅನ್ನುವವರು ಮೊದಲು ಡಾಕ್ಟರ್ ಜೊತೆ ಮಾತಾಡಿ, ಗರ್ಭ ಧರಿಸುವ ಮುಂಚೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಸಾಧ್ಯವಾದರೆ ಶೇ. 6.5ಕ್ಕಿಂತ ಕೆಳಗೆ ಇರಲಿ ಅನ್ನುತ್ತಾರೆ. ಬೇಡ ಅನ್ನುವವರು ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮುಂಚೆ ಶುಗರ್ ಎಷ್ಟು ವರ್ಷದಿಂದ ಇದೆ ಅಂತ ಹೇಳಿ. 20 ವರ್ಷ ದಾಟಿದ್ದರೆ, ಇಲ್ಲವೇ ಕಣ್ಣು, ಕಿಡ್ನಿ, ನರಕ್ಕೆ ಪೆಟ್ಟು ಬಿದ್ದಿದ್ದರೆ ಈಸ್ಟ್ರೋಜನ್ ಇರುವ ಮಾತ್ರೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಾಪರ್ ಟಿ ಆಗುತ್ತದೆ.

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸೇರಿದ ನಂತರ ಪದೇಪದೇ ರಕ್ತ ಬಂದರೆ, ಹೊರಭಾಗದ ಚರ್ಮದಲ್ಲಿ ಬಿಳಿ ಮಚ್ಚೆಯೋ ವಾಸಿಯಾಗದ ಹುಣ್ಣೋ ಇದ್ದರೆ, ಅದನ್ನು ಶುಗರ್ ಲೆಕ್ಕಕ್ಕೆ ಹಾಕಿ ಬಿಡಬೇಡಿ. ಮುಂದಿನ ಚೆಕಪ್‌ವರೆಗೂ ಕಾಯದೆ ಆ ವಾರವೇ ಹೋಗಿ ತೋರಿಸಿ.